ಗುಣ ನೋಡಿ ತಂದ ಫೋನು

ಮದುವೆ ಮಾಡಿಸುವವರ ಮನೆಗೆ ನಗುವಿನ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಬಾಗಿಲು ಹಾಕಿಕೊಂಡು ಕೂತರೂ ಫೋನಿನಲ್ಲಿ ಬರುತ್ತವೆ. ನಾನು ಆರ್‌ಪಿಸಿ ಲೇಔಟಿನಲ್ಲಿ ಕೂತು ವರ್ಷಗಳಿಂದ ಸಂಬಂಧ ಕೂಡಿಸುವ ಕೆಲಸ ಮಾಡುತ್ತಿದ್ದೇನೆ. ನನ್ನನ್ನು ಬ್ರೋಕರ್ ಎಂದು ಕರೆದರೆ ಸಿಟ್ಟು ಬರುತ್ತದೆ. ಬ್ರೋಕರ್ ಸೈಟು ತೋರಿಸುತ್ತಾನೆ, ನಾನು ಹುಡುಗನನ್ನು ತೋರಿಸುತ್ತೇನೆ. "ಎರಡೂ ಒಂದೇ ಕಣೇ, ಹಿಂದೆ ಮುಂದೆ ವಿಚಾರಿಸದೆ ತಗೊಂಡ್ರೆ ಕೋರ್ಟಿಗೆ ಅಲೀಬೇಕು" ಎನ್ನುತ್ತಾರೆ ನಮ್ಮ ಯಜಮಾನರು.

ಎಷ್ಟೋ ಹುಡುಗಿಯರಿಗೆ ಹುಡುಗರನ್ನು ಹುಡುಕಿ ಕೊಟ್ಟಿದ್ದೇನೆ. ಆದರೆ ನನಗೇ ಒಂದು ಫೋನು ಹುಡುಕಿಕೊಳ್ಳುವಾಗ ಪಟ್ಟ ಪಾಡು ಯಾವ ಹುಡುಗನ ವಿಷಯದಲ್ಲೂ ಪಟ್ಟಿಲ್ಲ.

ಮಧ್ಯಾಹ್ನದ ಮೂರ್ಛೆ

ಮೊದಲು ನನ್ನ ಕೈಯಲ್ಲಿದ್ದದ್ದು ತಮ್ಮ ಕೊಡಿಸಿದ ದೊಡ್ಡ ಟಚ್ ಫೋನು. ನೋಡುವುದಕ್ಕೆ ಲಕ್ಷಣವಾಗಿತ್ತು. ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿಟ್ಟರೂ ಮಧ್ಯಾಹ್ನ ಊಟದ ಹೊತ್ತಿಗೆ ಮೂರ್ಛೆ ಹೋಗುತ್ತಿತ್ತು. ನನ್ನ ಕೆಲಸವೋ, ಬಾಯಿ ಮತ್ತು ಫೋನು ಎರಡೇ ಬಂಡವಾಳ. ಬಾಯಿ ಯಾವತ್ತೂ ಕೈಕೊಟ್ಟಿಲ್ಲ.

ಆಗ ನಾನು ಹಿಡಿದಿದ್ದದ್ದು ನಮ್ಮ ಕ್ರಾಸಿನ ಕೊನೆಯ ಮನೆಯ ಹುಡುಗಿಯ ಸಂಬಂಧ. ಹುಡುಗಿ ನರ್ಸರಿ ಶಾಲೆಯಲ್ಲಿ ಟೀಚರು. ತಂದೆ ಇಲ್ಲ, ಅಮ್ಮ ಮಗಳು ಇಬ್ಬರೇ. ಹಿಂದೆ ಬಂದಿದ್ದ ಮೂರು ಸಂಬಂಧಗಳು ಜಾತಕದಲ್ಲಿ ಕೂಡಿ, ನೋಡುವುದರಲ್ಲೂ ಕೂಡಿ, ಕೊನೆಗೆ ಮಾತಿನಲ್ಲಿ ಮುರಿದಿದ್ದವು. ಅದಕ್ಕೆ ಕಾರಣ ಹುಡುಗಿಯ ಅಮ್ಮ. ಮನಸ್ಸು ಬೆಣ್ಣೆ, ನಾಲಿಗೆ ಮಾತ್ರ ಹಸಿಮೆಣಸಿನಕಾಯಿ.

ನಾಲ್ಕನೆಯವನು ಕೆಂಗೇರಿಯ ಹುಡುಗ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹುಡುಗಿ ನೋಡಲು ಬಂದವನು ಉಪ್ಪಿಟ್ಟು ತಿಂದ ಮೇಲೆ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ಸಿಂಕಿನಲ್ಲಿಟ್ಟ. ಹೆಣ್ಣು ನೋಡಲು ಬಂದ ಗಂಡು ಹಾಗೆ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾರನೆಯ ದಿನ ಹುಡುಗಿ ನಮ್ಮ ಮನೆಗೆ ಬಂದು ಬಾಗಿಲ ಹತ್ತಿರವೇ ನಿಂತು, "ಆಂಟಿ, ಇದೊಂದು ಮಾತ್ರ ಮಾತಲ್ಲಿ ಕೆಡೋದು ಬೇಡ. ನೀವೇ ನೋಡ್ಕೊಳ್ಳಿ" ಅಂದಳು. ಅವಳು ಯಾವತ್ತೂ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಆಷಾಢ ಬರುವುದರೊಳಗೆ ಮಾತು ಮುಗಿಸಿಯೇ ತೀರುತ್ತೇನೆ ಅಂದುಕೊಂಡೆ.

ಒಂದು ಮಧ್ಯಾಹ್ನ ಹುಡುಗಿಯ ಅಮ್ಮ ನಮ್ಮ ಮನೆಯಲ್ಲಿ ಕೂತಿದ್ದಾಗಲೇ ಕೆಂಗೇರಿಯಿಂದ ಹುಡುಗನ ಅಮ್ಮನ ಫೋನು ಬಂತು. ಇಬ್ಬರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಆಕೆ ಅಡುಗೆ ಮಾಡುತ್ತಲೇ ಮಾತಾಡುವವರು. ತಮ್ಮ ಫೋನನ್ನೂ ಸ್ಪೀಕರಿಗೆ ಹಾಕಿ ಅಡುಗೆ ಕಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ಆಕೆಯ ಮಾತಿನ ಜೊತೆಗೆ ಮಿಕ್ಸಿ, ಕುಕ್ಕರ್ ಸೀಟಿ, ಒಗ್ಗರಣೆ ಸದ್ದು ಎಲ್ಲವೂ ನಮಗೆ ಉಚಿತ.

"ಹುಡುಗಿ ನಮಗೆಲ್ಲ ಒಪ್ಪಿಗೆ ಕಣ್ರೀ" ಅಂದರು. "ಆದ್ರೆ ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಆಮೇಲೆ ಮುಚ್ಚಿಟ್ರಿ ಅನ್ಬಾರ್ದು. ನಮ್ಮ ಹುಡುಗನಿಗೆ..."

ಅಷ್ಟರಲ್ಲಿ ನನ್ನ ಫೋನು ಕಪ್ಪಾಯಿತು.

"ಹುಡುಗನಿಗೆ ಏನಂತೆ ಅಕ್ಕ?" ಅಂದರು ಹುಡುಗಿಯ ಅಮ್ಮ.

"ಗೊತ್ತಿಲ್ಲಮ್ಮ, ಚಾರ್ಜ್ ಹೋಯ್ತು."

ಚಾರ್ಜಿಗೆ ಹಾಕೋಣವೆಂದರೆ ಕರೆಂಟು ಇಲ್ಲ. ಯಜಮಾನರ ಫೋನಿನಿಂದ ಮಾಡೋಣವೆಂದರೆ ನಂಬರು ಸತ್ತ ಫೋನಿನ ಹೊಟ್ಟೆಯಲ್ಲಿತ್ತು. ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಕಾಯುತ್ತ ಕಾಯುತ್ತ ಹುಡುಗಿಯ ಅಮ್ಮ ಮೊದಲು ಹುಡುಗನಿಗೆ ಕುಡಿತ ಕಲಿಸಿದರು. ಆಮೇಲೆ ಇಸ್ಪೀಟು. ನಮ್ಮ ಯಜಮಾನರು ಸುಮ್ಮನಿರಲಾರದೆ, "ಮೊದಲೇ ಒಂದು ಮದುವೆ ಆಗಿದ್ರೂ ಆಗಿರಬಹುದು" ಅಂದರು. ಕರೆಂಟು ಬರುವ ಹೊತ್ತಿಗೆ ಆ ಪಾಪದ ಹುಡುಗನಿಗೆ ಮೈಸೂರಿನಲ್ಲಿ ಒಬ್ಬ ಹೆಂಡತಿ, ಇಬ್ಬರು ಮಕ್ಕಳು ಆಗಿದ್ದರು.

ಫೋನಿಗೆ ಜೀವ ಬಂದ ಕೂಡಲೇ ಕೆಂಗೇರಿಗೆ ಮಾಡಿದೆ.

"ಅದೇ ಹೇಳ್ತಾ ಇದ್ದೆ ಕಣ್ರೀ" ಅಂದರು ಆಕೆ. "ನಮ್ಮ ಹುಡುಗನಿಗೆ ಬದನೆಕಾಯಿ ಆಗಲ್ಲ. ತಿಂದ್ರೆ ಮೈಯೆಲ್ಲ ತುರಿಕೆ."

ಹುಡುಗಿಯ ಅಮ್ಮ ಕಣ್ಣು ಒರೆಸಿಕೊಂಡು ದೇವರ ಪಟಕ್ಕೆ ಕೈಮುಗಿದರು. "ಅಷ್ಟೇನಾ? ಇಬ್ಬರು ಮಕ್ಕಳನ್ನ ಹೇಗೆ ಸಾಕೋದು ಅಂತ ಯೋಚನೆ ಮಾಡ್ತಾ ಇದ್ದೆ."

ರೂಪ ಬೇಡ

ಅವತ್ತೇ ತೀರ್ಮಾನ ಮಾಡಿದೆ. ನನಗೆ ಬೇಕಾದದ್ದು ಒತ್ತುವ ಗುಂಡಿಗಳಿರುವ, ಕೆಡದ, ಚಾರ್ಜ್ ಬೇಗ ಮುಗಿಯದ ಸಾದಾ ಫೋನು. ಯಜಮಾನರನ್ನು ಕರೆದುಕೊಂಡು ವಿಜಯನಗರದ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಗದಗದ ಕಡೆಯವನು, ಗಟ್ಟಿ ದನಿ, ನಗುಮುಖ.

"ಅಕ್ಕಾರ, ಇದನ್ನ ನೋಡ್ರಿ. ಹಿಂದ ಮೂರು ಕ್ಯಾಮೆರಾ, ಮುಂದ ಒಂದು" ಅಂದ.

"ನನಗೆ ಇರೋದು ಎರಡು ಕಣ್ಣು. ಅಷ್ಟು ಸಾಕಪ್ಪ."

"ಇದು ನೀರಾಗ ಬಿದ್ರೂ ಏನೂ ಆಗಂಗಿಲ್ರಿ."

"ನಾನ್ಯಾಕೆ ನೀರಿಗೆ ಬೀಳ್ಲಿ? ರೂಪ ಬೇಡ, ಗುಣ ಇರೋದು ತೋರ್ಸು."

ಕೊನೆಗೆ ಗಾಜಿನ ಪೆಟ್ಟಿಗೆಯ ಕೆಳಗಿನ ಸಾಲಿನಿಂದ ಒಂದು ಪುಟ್ಟ ಕಪ್ಪು ಫೋನು ತೆಗೆದ. ಅದು ತಲೆ ತಗ್ಗಿಸಿ ಕೂತ ಹಾಗೆ ನನಗೆ ಕಾಣಿಸಿತು. ವಿಚಾರಣೆ ಶುರು ಮಾಡಿದೆ. ಯಾವ ಮನೆತನದ್ದು? ಇದರ ಅಣ್ಣತಮ್ಮಂದಿರು ಈಗ ಹೇಗಿದ್ದಾರೆ? ಸಿಟ್ಟು, ಬಿಸಿ ಆಗುವ ಸ್ವಭಾವ ಉಂಟಾ? ಹಿಂದೆ ಯಾರಾದರೂ ನೋಡಿಕೊಂಡು ಹೋಗಿ ವಾಪಸು ಕೊಟ್ಟಿದ್ದಾರಾ? ಎಷ್ಟು ದಿನ ಉಪವಾಸ ಇರಬಲ್ಲದು?

"ಒಮ್ಮೆ ಚಾರ್ಜ್ ಮಾಡಿದ್ರ ಒಂದು ವಾರ ಬರ್ತೈತ್ರಿ" ಅಂದವನು, ನನ್ನ ಮುಖ ನೋಡಿ, "ಅಕ್ಕಾರ, ನೀವು ಫೋನ್ ತಗೊಳ್ಳಾಕ ಬಂದೀರೋ, ಸಂಬಂಧ ನೋಡಾಕ ಬಂದೀರೋ?" ಅಂದ.

ಯಜಮಾನರು ಪಕ್ಕಕ್ಕೆ ತಿರುಗಿ ನಕ್ಕರು. ನಾನು ಸೆರಗು ಸರಿಮಾಡಿಕೊಂಡು ಎದ್ದು, "ಒಳ್ಳೇದಪ್ಪ. ಮನೆಗೆ ಹೋಗಿ ಎಲ್ಲರ ಹತ್ರ ಮಾತಾಡಿ ಹೇಳಿ ಕಳಿಸ್ತೀವಿ" ಅಂದೆ. ಅಭ್ಯಾಸಬಲ, ಬಾಯಿಗೆ ತಾನಾಗಿಯೇ ಬಂತು.

ಅವನು ಫೋನನ್ನು ಮತ್ತೆ ಡಬ್ಬಿಗೆ ಹಾಕುತ್ತಾ ಹೇಳಿದ: "ಆಗ್ಲಿ ತಗೋರಿ. ಅದಕ್ಕೂ ನೀವು ಒಪ್ಪಿಗಿ ಆಗೀರೋ ಇಲ್ಲೋ, ನಾನೂ ಕೇಳಿ ತಿಳಿಸ್ತೀನ್ರಿ."

ಗುಟ್ಟಿನ ವಿಚಾರಣೆ

ಸಂಬಂಧ ಕೂಡುವ ಮೊದಲು ಹುಡುಗನ ಬೀದಿಯಲ್ಲಿ ಗುಟ್ಟಾಗಿ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಹಾಲಿನವರನ್ನು ಕೇಳಬೇಕು, ಇಸ್ತ್ರಿಯವರನ್ನು ಕೇಳಬೇಕು. ಫೋನಿಗೆ ಮಾತ್ರ ಅದನ್ನು ಬಿಡುವುದು ಯಾವ ನ್ಯಾಯ? ಆ ಕಪ್ಪು ಫೋನು ಯಾರ ಯಾರ ಕೈಯಲ್ಲಿದೆ ಎಂದು ಕಣ್ಣಿಟ್ಟುಕೊಂಡು ಓಡಾಡಿದೆ.

ಮೆಟ್ರೋ ಸ್ಟೇಷನ್ ಹತ್ತಿರ ಹೂವು ಮಾರುವಾಕೆಯ ಬುಟ್ಟಿಯಲ್ಲಿ ಸೇವಂತಿಗೆ ನಡುವೆ ಅದು ಕೂತಿತ್ತು. ಮೊಳ ಮಲ್ಲಿಗೆ ತೆಗೆದುಕೊಳ್ಳುವ ನೆಪದಲ್ಲಿ, "ಫೋನ್ ಹೇಗಿದೆಯಮ್ಮ?" ಅಂತ ಕೇಳಿದೆ.

"ನೀರಿನ ಬಕೆಟ್ಟಲ್ಲಿ ಬಿದ್ದಿದೆ, ಹಸು ಕಾಲಡಿ ಸಿಕ್ಕಿದೆ. ಒಂದಿನ ಕೈಕೊಟ್ಟಿಲ್ಲ ಅಕ್ಕ" ಅಂದಳು. "ಮನೇಲಿರೋ ಗಂಡಸಿಗಿಂತ ವಾಸಿ. ಕರೆದಾಗ ಓಗೊಡುತ್ತೆ."

ಬಸವೇಶ್ವರನಗರದಲ್ಲಿ ಒಂದು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರ ಹತ್ತಿರವೂ ಅದೇ ಫೋನು. ಬ್ಯಾಟರಿ ಹೇಗೆ ಎಂದು ಕೇಳಿದರೆ ಮುಖ ಸಣ್ಣದು ಮಾಡಿಕೊಂಡರು.

"ಅದೊಂದೇ ತೊಂದ್ರೆ ಅಮ್ಮ."

ನಾನು ಇನ್ನೊಂದು ಹೆಜ್ಜೆ ಹತ್ತಿರ ಹೋದೆ. "ಏನಾಗಿದೆ?"

"ಚಾರ್ಜ್ ಮುಗಿಯೋ ಅಷ್ಟೊತ್ತಿಗೆ ಚಾರ್ಜರ್ ಎಲ್ಲಿಟ್ಟಿದ್ದೆ ಅನ್ನೋದೇ ಮರೆತೋಗಿರುತ್ತೆ. ಪ್ರತಿ ಸಲ ಮನೆಯೆಲ್ಲ ಹುಡುಕಬೇಕು."

ಮನೆಗೆ ಬಂದು ಯಜಮಾನರಿಗೆ ವರದಿ ಒಪ್ಪಿಸಿದೆ. ಅವರು ನೆಮ್ಮದಿಯ ಉಸಿರು ಬಿಟ್ಟರು. "ಸದ್ಯ, ಒಂದು ದೋಷ ಆದ್ರೂ ಸಿಕ್ತಲ್ಲ. ಏನೂ ದೋಷ ಇಲ್ಲ ಅಂದಿದ್ರೆ ನನಗೆ ಅನುಮಾನ ಬರ್ತಿತ್ತು."

ಫೋಟೋ ಖಾತೆ

ಒಂದು ತೊಡಕು ಉಳಿದಿತ್ತು. ಹುಡುಗ ಹುಡುಗಿಯರ ಫೋಟೋಗಳು ಆ ಪುಟ್ಟ ಫೋನಿಗೆ ಬರುವುದಿಲ್ಲ. ಅವು ಇನ್ನು ಮೇಲೆ ಯಜಮಾನರ ಫೋನಿಗೆ ಬರಲಿ ಎಂದು ಗೊತ್ತು ಮಾಡಿದೆವು. ರಿಟೈರಾದ ಮೇಲೆ ಅವರ ಮುಖದಲ್ಲಿ ಅಷ್ಟು ಕಳೆ ನಾನು ನೋಡಿರಲಿಲ್ಲ.

ಆದರೆ ಅವರು ಹುಡುಗನ ಮುಖ ನೋಡುತ್ತಿರಲಿಲ್ಲ. ಫೋಟೋವನ್ನು ಬೆರಳಿನಲ್ಲಿ ದೊಡ್ಡದು ಮಾಡಿ ಹಿಂದಿನ ಮನೆ ನೋಡುತ್ತಿದ್ದರು. "ಇವನು ಬೇಡ. ಹಿಂದೆ ಗೋಡೆ ನೋಡು, ನೀರು ಇಳಿದು ಸುಣ್ಣ ಕಿತ್ತು ಬರ್ತಾ ಇದೆ. ಗೋಡೆ ನೋಡ್ಕೊಳ್ಳದವನು ಹೆಂಡ್ತೀನ ನೋಡ್ಕೋತಾನಾ?"

"ನಮ್ಮ ಬಚ್ಚಲ ಗೋಡೆ ನೋಡಿದೀರಾ?" ಅಂದೆ.

ಅವತ್ತಿನಿಂದ ಎಲ್ಲ ಹುಡುಗರ ಮುಖ ಮಾತ್ರ ನೋಡುತ್ತಾರೆ.

ಮನೆ ತುಂಬಿಸಿಕೊಂಡದ್ದು

ಶುಕ್ರವಾರ ರಾಹುಕಾಲ ಕಳೆದ ಮೇಲೆ ಫೋನು ಮನೆಗೆ ಬಂತು. ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಕಲಸಿದೆ. ಆಮೇಲೆ ಒಂದು ಪ್ರಶ್ನೆ ಎದ್ದಿತು. ಫೋನಿಗೆ ಹಣೆ ಯಾವುದು? ಟಚ್ ಫೋನಾದರೆ ಮೈಯೆಲ್ಲ ಮುಖವೇ, ಎಲ್ಲಿ ಇಟ್ಟರೂ ನಡೆಯುತ್ತದೆ. ಇದಕ್ಕೆ ಅರ್ಧ ಗಾಜು, ಅರ್ಧ ಗುಂಡಿ. ಯಜಮಾನರು ಗಾಜೇ ಹಣೆ ಅಂದರು. ಗಾಜಿಗೆ ಬೊಟ್ಟಿಟ್ಟರೆ ಅಕ್ಷರ ಕಾಣುವುದು ಹೇಗೆ? ನಾನು ನಟ್ಟನಡುವೆ ಇದ್ದ ಗುಂಡಿಯನ್ನು ಆರಿಸಿ, ಒದ್ದೆ ಕುಂಕುಮವನ್ನು ಧಾರಾಳವಾಗಿ ಒತ್ತಿ ಇಟ್ಟೆ.

ಅದು ಟಾರ್ಚಿನ ಗುಂಡಿ. ಒಳಗೆ ಹೋಗಿದ್ದು ಹೊರಗೆ ಬರಲಿಲ್ಲ. ಫೋನಿನ ನೆತ್ತಿಯಲ್ಲಿ ದೀಪ ಹೊತ್ತಿಕೊಂಡಿತು. ಏನು ಮಾಡಿದರೂ ಆರಲಿಲ್ಲ. ಊಟ ಮಾಡುವಾಗಲೂ ಉರಿಯುತ್ತಿತ್ತು, ಟಿವಿ ನೋಡುವಾಗಲೂ ಉರಿಯುತ್ತಿತ್ತು. ಮಾರನೆಯ ದಿನ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೊರಟೆ. ದಾರಿಯಲ್ಲಿ ಕೊನೆಯ ಮನೆಯ ಹುಡುಗಿ ಸಿಕ್ಕಳು. ನಗುತ್ತಾ ಜೊತೆಗೆ ಬಂದಳು.

ಅಂಗಡಿಯವನು ಟವೆಲ್ಲು ಬಿಚ್ಚಿ ನೋಡಿದ. ಆಮೇಲೆ ಹಿಂದಿನ ಮುಚ್ಚಳ ಉಗುರಿನಿಂದ ಎತ್ತಿ ಬ್ಯಾಟರಿ ತೆಗೆದ. ದೀಪ ಆರಿತು. ಸಣ್ಣ ಬ್ರಷ್ಷಿನಿಂದ ಕುಂಕುಮ ಕೆದಕಿ ತೆಗೆಯುತ್ತಾ, "ಅಕ್ಕಾರ, ಇನ್ನ ಮುಂದ ಪೂಜಾ ಡಬ್ಬಿಗೆ ಮಾಡ್ರಿ" ಅಂದ. "ಮತ್ತ ಇದು ಯಾವಾಗರ ಹಟ ಹಿಡದ್ರ ಹಿಂಗ ಬ್ಯಾಟರಿ ತಗದು, ಸ್ವಲ್ಪ ತಡದು ಹಾಕ್ರಿ. ಇದಕ್ಕಿಂತ ದೊಡ್ಡ ಔಷಧ ಇಲ್ಲ."

ನನ್ನ ಉಗುರಿಗೆ ಆ ಮುಚ್ಚಳ ಬಗ್ಗಲಿಲ್ಲ. ಹುಡುಗಿ ಮಾತ್ರ ತೆಗೆದು ಹಾಕಿ, ತೆಗೆದು ಹಾಕಿ ಕಲಿತುಕೊಂಡಳು. ಒಂದು ಹಗಲು ರಾತ್ರಿ ದೀಪ ಉರಿದಿದ್ದರೂ ಬ್ಯಾಟರಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಮನೆಗೆ ಬಂದು ಹೇಳಿದಾಗ ಯಜಮಾನರು ತಲೆದೂಗಿದರು.

"ಮನೆ ಬೆಳಗೋ ಸೊಸೆ ಬೇಕು ಅಂತ ಎಲ್ರೂ ಕೇಳ್ತಾರೆ. ಬಂದ ಮೇಲೆ ಆರಿಸೋಕೆ ಬಿಡಲ್ಲ ಅನ್ನೋದು ಯಾರಿಗೂ ಗೊತ್ತಿರಲ್ಲ."

ಮುಗಿಯದ ಮಾತು

ಅಂಥ ಫೋನು ಸಿಕ್ಕಿದ ಮೇಲೆ ಹೇಳಿಕೊಳ್ಳದೆ ಇರುವುದು ಹೇಗೆ? ಹಾಲಿನವರಿಗೆ ಹೇಳಿದೆ, ತಮ್ಮನಿಗೆ ಹೇಳಿದೆ, ಕೆಂಗೇರಿಯ ಹುಡುಗನ ಅಮ್ಮನಿಗಂತೂ ಎರಡು ಸಲ ಹೇಳಿದೆ, ಒಂದು ಸಲ ಚಾರ್ಜ್ ಮಾಡಿದರೆ ವಾರ ಬರುತ್ತದೆ ಅಂತ.

ಹೇಳಿದ ಮೇಲೆ ತಿಳಿಯಿತು, ಎಂಥ ಕೆಲಸ ಮಾಡಿಕೊಂಡೆ ಎಂದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನನ್ನ ಸಾವಿರ ಸುಳ್ಳುಗಳಲ್ಲಿ ಒಂಬೈನೂರು "ಚಾರ್ಜ್ ಮುಗೀತಾ ಇದೆ, ಆಮೇಲೆ ಮಾಡ್ತೀನಿ" ಅನ್ನುವುದೇ ಆಗಿತ್ತು. ಎರಡು ಕಡೆಯವರ ದನಿ ಏರುವ ಹೊತ್ತಿಗೆ ಹಳೆಯ ಫೋನು ತಾನೇ ಮೂರ್ಛೆ ಹೋಗಿ, ಎಷ್ಟೋ ಸಂಬಂಧಗಳನ್ನು ಉಳಿಸಿತ್ತು. ಈ ಗುಣವಂತ ಫೋನು ಯಾವ ಜಗಳವನ್ನೂ ಅರ್ಧಕ್ಕೆ ಬಿಡುತ್ತಿರಲಿಲ್ಲ.

ಆಷಾಢಕ್ಕೆ ಇನ್ನು ನಾಲ್ಕೇ ದಿನ ಇತ್ತು. ಕೊನೆಯ ಮಾತು ಫೋನಿನಲ್ಲೇ ಆಗಿಬಿಡಲಿ ಎಂದು ಕೆಂಗೇರಿಯವರು ಹೇಳಿದರು. ಹುಡುಗಿಯ ಮನೆಗೆ ಹೋಗಿ, ನಡುಮನೆಯ ಸ್ಟೂಲಿನ ಮೇಲೆ ಫೋನು ಇಟ್ಟು, ಸ್ಪೀಕರಿಗೆ ಹಾಕಿದೆ. ಆ ಕಡೆ ಎಂದಿನಂತೆ ಮಿಕ್ಸಿ, ಕುಕ್ಕರು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಒರೆಸುತ್ತಾ ನಿಂತಿದ್ದಳು. ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದಳು.

ಛತ್ರ ಕೆಂಗೇರಿಯಲ್ಲೋ ರಾಜಾಜಿನಗರದಲ್ಲೋ ಅನ್ನುವಲ್ಲಿ ಸ್ವಲ್ಪ ಬಿಸಿಯಾಯಿತು. ಆಮೇಲೆ ಮಾತು ಊಟಕ್ಕೆ ಬಂತು.

"ನಮ್ಮ ಕಡೆ ಬೇಳೆ ಹೋಳಿಗೆ ಆಗ್ಲೇಬೇಕು" ಅಂದರು ಹುಡುಗನ ಅಮ್ಮ.

"ಬೇಳೆ ಹೋಳಿಗೆ ಎಲ್ಲರ ಮನೇಲೂ ಮಾಡ್ತಾರೆ ಬಿಡಿ" ಅಂದರು ಹುಡುಗಿಯ ಅಮ್ಮ. "ಮದುವೆ ಅಂದ್ಮೇಲೆ ಕಾಯಿ ಹೋಳಿಗೆ."

"ಎಲ್ಲರ ಮನೆ ಅಂದ್ರೆ ಏನ್ರೀ ಅರ್ಥ?"

ನಾನು ಫೋನಿನ ಕಡೆ ಬಗ್ಗಿದೆ. "ಅಯ್ಯೋ, ಚಾರ್ಜ್ ಮುಗೀತಾ ಇದೆ ಕಣ್ರೀ, ಸಂಜೆ ಮಾತಾಡೋಣ" ಅಂದೆ.

"ಯಾಕ್ರೀ ಸುಳ್ಳು ಹೇಳ್ತೀರಾ? ವಾರ ಬರುತ್ತೆ ಅಂತ ನೀವೇ ಹೇಳಿದ್ರಲ್ಲ. ಅವ್ರು ಹೇಳ್ಲಿ, ಎಲ್ಲರ ಮನೆ ಅಂದ್ರೆ ಏನು?"

ಫೋನಿನ ಗಾಜು ನೋಡಿದೆ. ಬ್ಯಾಟರಿಯ ಗೆರೆಗಳು ಎಲ್ಲವೂ ತುಂಬಿದ್ದವು. ಹುಡುಗಿಯ ಅಮ್ಮ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನೋಡಿ, ನಮ್ಮ ಹುಡುಗಿಗೇನು..." ಎಂದು ಶುರು ಮಾಡಿದರು. ಈ ವಾಕ್ಯದ ಉಳಿದ ಭಾಗ ನನಗೆ ಬಾಯಿಪಾಠ. ಹಿಂದಿನ ಮೂರು ಸಂಬಂಧಗಳೂ ಮುರಿದದ್ದು ಇದೇ ವಾಕ್ಯಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಯಿತಲ್ಲ ಎಂದು ಕಣ್ಣು ಮುಚ್ಚಿಕೊಂಡೆ.

ಪಟ್ ಅನ್ನುವ ಸದ್ದು ಕೇಳಿಸಿತು. ಕಣ್ಣು ಬಿಟ್ಟರೆ ಹುಡುಗಿ ಸ್ಟೂಲಿನ ಪಕ್ಕದಲ್ಲಿದ್ದಳು. ಒಂದು ಕೈಯಲ್ಲಿ ಫೋನಿನ ಮುಚ್ಚಳ, ಇನ್ನೊಂದು ಕೈಯಲ್ಲಿ ಬ್ಯಾಟರಿ.

"ಏನೇ ಮಾಡಿದೆ?" ಅಂದರು ಅಮ್ಮ.

"ಅಮ್ಮ, ನಾನು ಯಾವ ಹೋಳಿಗೆ ಆದ್ರೂ ತಿಂತೀನಿ. ನನಗೆ ಆ ಹುಡುಗ ಬೇಕು."

ಅಮ್ಮ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಮಗಳ ಮುಖವನ್ನು ಆವತ್ತೇ ಮೊದಲ ಸಲ ನೋಡಿದವರ ಹಾಗೆ ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ. ಆಮೇಲೆ ಅಮ್ಮ, "ಬ್ಯಾಟರಿ ಹಾಕ್ಕೊಡು. ನಾನೇ ತಪ್ಪಾಯ್ತು ಅಂತೀನಿ. ಬೇಳೆ ಹೋಳಿಗೆನೇ ಆಗ್ಲಿ" ಅಂದರು.

"ಈಗಲೇ ಬೇಡ. ಸ್ವಲ್ಪ ತಡೆದು ಹಾಕ್ಬೇಕು" ಅಂದಳು ಹುಡುಗಿ, ಅಂಗಡಿಯವನು ಹೇಳಿದ ಹಾಗೆಯೇ. ಮೊದಲು ನಮಗೆ ಕಾಫಿ ಮಾಡಿ ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟ ಮೇಲೆ ಬ್ಯಾಟರಿ ಹಾಕಿದಳು. ನಾನು ಮನೆದೇವರಿಗೆ ಹರಕೆ ಹೊತ್ತು ಕೆಂಗೇರಿಗೆ ಮಾಡಿ, ಮತ್ತೆ ಸ್ಪೀಕರಿಗೆ ಹಾಕಿದೆ.

ಆ ಕಡೆ ಮಿಕ್ಸಿ ನಿಂತಿತ್ತು. ಹುಡುಗನ ಅಮ್ಮನ ದನಿ ಮೆತ್ತಗಾಗಿತ್ತು.

"ನಿಮ್ಮ ಹುಡುಗಿ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಕಣ್ರೀ" ಅಂದರು. "ಹೋಳಿಗೆ ಮಾತಿಗೆ ನನಗೆ ಎಲ್ಲಿತ್ತೋ ಸಿಟ್ಟು. ಚಟ್ನಿ ರುಬ್ಬಿಕೊಂಡೇ ಏನೇನೋ ಅಂದ್ಬಿಟ್ಟೆ. ಕುಕ್ಕರ್ ಇಳಿಸೋವರೆಗೂ ಅಂದೆ. ಪಾಪ, ಅವ್ರು ಒಂದು ಮಾತು ತಿರುಗಿ ಆಡ್ಲಿಲ್ಲ. ಸುಮ್ನೆ ಕೇಳಿಸ್ಕೊಂಡ್ರು. ಆಮೇಲೆ ನನಗೇ ನಾಚಿಕೆ ಆಯ್ತು. ಇಷ್ಟು ಸಮಾಧಾನದ ಬೀಗಿತ್ತಿ ಎಲ್ಲಿ ಸಿಗ್ತಾರೆ ಹೇಳಿ? ಛತ್ರ ರಾಜಾಜಿನಗರದಲ್ಲೇ ಆಗ್ಲಿ, ಕಾಯಿ ಹೋಳಿಗೆನೇ ಆಗ್ಲಿ. ಒಪ್ಪಿಗೆ ಅಂತ ಹೇಳ್ಬಿಡಿ."

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಹುಡುಗಿಯ ಅಮ್ಮ, "ಅಲ್ಲ, ಬೇಳೆ ಹೋಳಿಗೆನೇ..." ಎಂದು ಬಾಯಿ ತೆಗೆದರು. ಹುಡುಗಿ ಫೋನಿನ ಹಿಂದಿನ ಮುಚ್ಚಳದ ಮೇಲೆ ಉಗುರಿಟ್ಟಳು. ಅಮ್ಮ ಬಾಯಿ ಮುಚ್ಚಿಕೊಂಡರು.

"ಅಂದ ಹಾಗೆ, ಆ ಫೋನ್ ನನಗೂ ಒಂದು ಕೊಡ್ಸಿ ಕಣ್ರೀ" ಅಂದರು ಕೆಂಗೇರಿಯ ಅಮ್ಮ. "ಅಷ್ಟು ಹೊತ್ತು ಮಾತಾಡಿದ್ರೂ ಮಧ್ಯೆ ಒಂದೇ ಒಂದು ಸಲ ಕಟ್ ಆಗ್ಲಿಲ್ಲ."